ಹೂಗೆಡ್ಡೆಗಳ ಬಂಧು ಕ್ಲೂಸಿಯಸ್

ಟ್ಯೂಲಿಪ್ ಹೂವಿನ ಕಥೆಯನ್ನು ಹೇಳುವ ಜನಪ್ರಿಯ ಬರಹಗಳಲ್ಲಿ ಒಂದು ಪ್ರಸಂಗ ಮತ್ತೆ ಮತ್ತೆ ಬರುತ್ತದೆ. ಹಾಲೆಂಡ್ ದೇಶದ ಲೈಡೆನ್ ನಗರದಲ್ಲಿ ಮುಪ್ಪಿನ ಸಸ್ಯಶಾಸ್ತ್ರಜ್ಞನೊಬ್ಬನಿದ್ದನಂತೆ. ಅವನ ತೋಟದಲ್ಲಿ ಬೇರೆಲ್ಲಿಯೂ ದೊರೆಯದ ಹೂಗೆಡ್ಡೆಗಳಿದ್ದುವಂತೆ. ಕೇಳಿದವರಿಗೆಲ್ಲ ಅವನು ಬಾಯಿಗೆ ಬಂದ ಬೆಲೆ ಹೇಳುತ್ತಿದ್ದನಂತೆ. ಬೇಸತ್ತ ಜನ ಒಂದು ರಾತ್ರಿ ಒಳಹೊಕ್ಕು ಗೆಡ್ಡೆಗಳನ್ನು ಕದ್ದೊಯ್ದರಂತೆ. ಆ ಕದ್ದ ಗೆಡ್ಡೆಗಳಿಂದಲೇ ಹಾಲೆಂಡಿನ ಹೂವಿನ ವ್ಯಾಪಾರವೆಲ್ಲ ಬೆಳೆಯಿತಂತೆ. ಕಥೆಯೇನೋ ಸೊಗಸಾಗಿದೆ. ಜಿಪುಣನಿಗೆ ತಕ್ಕ ಶಾಸ್ತಿಯಾಯಿತೆಂದು ಓದಿದವರು ನಕ್ಕು ಪುಟ ತಿರುವುತ್ತಾರೆ. ಆದರೆ ಆ ಮುದುಕನ ಜೀವನವನ್ನು ಮೊದಲಿನಿಂದ ಓದಿಕೊಂಡು ಬಂದಾಗ ಈ ಕಥೆ ಅವನಿಗೆ ಸ್ವಲ್ಪವೂ ಒಪ್ಪುವುದಿಲ್ಲವೆಂದು ನನಗೆ ತೋರಿತು. ತನ್ನ ಆಯುಷ್ಯವನ್ನೆಲ್ಲ ಗೆಡ್ಡೆಗಳನ್ನು ಹಂಚುವುದರಲ್ಲಿ ಕಳೆದವನಿಗೆ ಜಿಪುಣನೆಂಬ ಹೆಸರು ಅಂಟಿಕೊಂಡಿರುವುದು ಸಣ್ಣ ಅನ್ಯಾಯವಲ್ಲ. ಆದುದರಿಂದ ಕರೋಲಸ್ ಕ್ಲೂಸಿಯಸ್‌ನ ಚರಿತ್ರೆಯನ್ನು ಸಂಗ್ರಹವಾಗಿ ವಾಚಕರ ಮುಂದಿಡುತ್ತೇನೆ. ತೀರ್ಪು ಅವರಿಗೇ ಬಿಟ್ಟದ್ದು.

ಅವನ ಹುಟ್ಟುಹೆಸರು ಷಾರ್ಲ್ ದ ಲೆಕ್ಲೂಜ್. ಆ ಕಾಲದ ವಿದ್ವಾಂಸರ ಪದ್ಧತಿಯಂತೆ ಹೆಸರನ್ನು ಲ್ಯಾಟಿನ್ ಭಾಷೆಗೆ ಹೊಂದಿಸಿಕೊಂಡು ಕ್ಲೂಸಿಯಸ್ ಎನಿಸಿಕೊಂಡನು. 1526ನೆಯ ಇಸವಿಯ ಫೆಬ್ರವರಿ 19ರಂದು ಅರಾಸ್ ಎಂಬ ಊರಿನಲ್ಲಿ ಹುಟ್ಟಿದನು. ಈ ಊರು ಈಗ ಫ್ರಾನ್ಸ್ ದೇಶದ ಉತ್ತರ ಭಾಗದಲ್ಲಿದೆ. ಆಗ ಹ್ಯಾಬ್ಸ್‌ಬರ್ಗ್ ದೊರೆಗಳ ಆಳ್ವಿಕೆಯಲ್ಲಿದ್ದ ನೆದರ್ಲೆಂಡ್ಸ್ ಪ್ರಾಂತಕ್ಕೆ ಸೇರಿತ್ತು. ಲೂವೆನ್ ವಿಶ್ವವಿದ್ಯಾನಿಲಯದಲ್ಲಿ ಕ್ಲೂಸಿಯಸ್ ನ್ಯಾಯಶಾಸ್ತ್ರವನ್ನು ಕಲಿತನು. ಆದರೆ ಅವನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಮಾರ್ಬುರ್ಗ್, ವಿಟೆನ್‌ಬರ್ಗ್‌ಗಳಲ್ಲಿ ಕೆಲಕಾಲವಿದ್ದು, 1551ರಲ್ಲಿ ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ಎಂಬಲ್ಲಿಗೆ ಹೋಗಿ, ಪ್ರಸಿದ್ಧ ವೈದ್ಯನಾದ ರೊಂಡೆಲೆಯ ಶಿಷ್ಯನಾದನು. ಗುರುವಿನ ಮನೆಯಲ್ಲಿಯೇ ಇದ್ದು ಕಲಿತನು. ವೈದ್ಯವಿದ್ಯೆಯೆಂದರೆ ಆ ಕಾಲದಲ್ಲಿ ಮುಕ್ಕಾಲು ಪಾಲು ಗಿಡಮೂಲಿಕೆಗಳ ವಿದ್ಯೆ. ಔಷಧಕ್ಕೆಂದು ಗಿಡಗಳನ್ನು ಹುಡುಕಹೊರಟ ಈ ತರುಣನು, ಔಷಧಕ್ಕೆ ಬಾರದ ಗಿಡಗಳನ್ನೂ ಅಷ್ಟೇ ಅಕ್ಕರೆಯಿಂದ ನೋಡಲು ಕಲಿತನು. ಅವನ ಜೀವಮಾನದ ದಾರಿ ಇಲ್ಲಿಯೇ ತಿರುಗಿತೆನ್ನಬಹುದು.

1564ರಲ್ಲಿ ಫುಗ್ಗರ್ ಎಂಬ ಧನಿಕ ಮನೆತನದ ತರುಣನೊಬ್ಬನ ಜೊತೆಗಾರನಾಗಿ ಕ್ಲೂಸಿಯಸ್ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳನ್ನು ಸುತ್ತಿದನು. ಹಳೆಯ ಗ್ರಂಥಗಳಲ್ಲಿ ಹೆಸರಿಲ್ಲದ ಸುಮಾರು ಇನ್ನೂರು ಜಾತಿಯ ಗಿಡಗಳನ್ನು ಆ ಯಾತ್ರೆಯಲ್ಲಿ ಗುರುತಿಸಿದನು. ನಮಗೆ ಹತ್ತಿರವಾದ ಒಂದು ಸಂಗತಿಯೂ ಆಗಲೇ ನಡೆಯಿತು. ಗೋವೆಯಲ್ಲಿ ನೆಲೆಸಿದ್ದ ಗಾರ್ಸಿಯ ದ ಓರ್ತ ಎಂಬ ಪೋರ್ಚುಗೀಸ್ ವೈದ್ಯನು, ಪಶ್ಚಿಮ ಕರಾವಳಿಯ ಮೆಣಸು, ಏಲಕ್ಕಿ, ಶುಂಠಿ, ಅಡಕೆ, ಮಾವು, ಹಲಸು ಮುಂತಾದವುಗಳನ್ನು ಕುರಿತು ಸಂಭಾಷಣೆಯ ರೂಪದಲ್ಲಿ ಒಂದು ಗ್ರಂಥವನ್ನು ಬರೆದು, 1563ರಲ್ಲಿ ಗೋವೆಯಲ್ಲಿಯೇ ಅಚ್ಚು ಹಾಕಿಸಿದ್ದನು. ಅದರ ಪ್ರತಿಯೊಂದು ಪೋರ್ಚುಗಲ್ಲಿನಲ್ಲಿ ಕ್ಲೂಸಿಯಸ್‌ನ ಕೈಸೇರಿತು. ಅವನು ಸಂಭಾಷಣೆಗಳನ್ನು ತೆಗೆದು, ಸಾರವನ್ನು ಉಳಿಸಿ, ಲ್ಯಾಟಿನ್ ಭಾಷೆಯಲ್ಲಿ ಸಂಗ್ರಹಿಸಿ 1567ರಲ್ಲಿ ಆಂಟ್‌ವರ್ಪ್ ನಗರದ ಪ್ಲಾಂಟಿನ್ ಮುದ್ರಣಾಲಯದಿಂದ ಪ್ರಕಟಿಸಿದನು. ನಮ್ಮ ಕರಾವಳಿಯ ತೋಟದ ಬೆಳೆಗಳ ವಿಚಾರವನ್ನು ಯೂರೋಪಿನ ವಿದ್ವಾಂಸರು ಹೆಚ್ಚಾಗಿ ಓದಿದ್ದು ಈ ಲ್ಯಾಟಿನ್ ಪುಸ್ತಕದ ಮೂಲಕವೇ. ತನಗೆ ದೊರೆತದ್ದನ್ನು ನಾಲ್ಕು ಜನರಿಗೆ ಮುಟ್ಟಿಸಬೇಕೆಂಬ ಸ್ವಭಾವ ಅವನಲ್ಲಿ ಎಷ್ಟು ಮೊದಲೇ ಇತ್ತೆಂಬುದಕ್ಕೆ ಇದೊಂದು ಸಾಕ್ಷಿ.

ಇನ್ನು ಟ್ಯೂಲಿಪ್ಪಿನ ಪ್ರಸ್ತಾಪಕ್ಕೆ ಬರುತ್ತೇನೆ. ಈ ಹೂವನ್ನು ಹಾಲೆಂಡಿಗೆ ಸೇರಿದ್ದೆಂದು ಎಲ್ಲರೂ ಭಾವಿಸುತ್ತಾರೆ. ಆದರೆ ಅದರ ತವರು ಮಧ್ಯ ಏಷ್ಯದ ಬೆಟ್ಟಸೀಮೆ. ಅಲ್ಲಿಂದ ಪರ್ಷಿಯಕ್ಕೂ ತುರ್ಕಿಗೂ ಬಂದು ಸುಲ್ತಾನರ ಉದ್ಯಾನಗಳಲ್ಲಿ ಮೆರೆಯಿತು. ಯೂರೋಪಿನ ನೆಲದಲ್ಲಿ ಅದು ಅರಳಿದ್ದನ್ನು ಕಂಡು ವರ್ಣಿಸಿದವರಲ್ಲಿ ಕೊನ್ರಾಡ್ ಗೆಸ್ನರ್ ಎಂಬ ಸ್ವಿಸ್ ಪಂಡಿತನು ಮೊದಲಿಗನು. ಅವನು ನೋಡಿದ್ದು 1559ರ ಏಪ್ರಿಲ್ ತಿಂಗಳಲ್ಲಿ, ಜರ್ಮನಿಯ ಔಗ್ಸ್‌ಬುರ್ಗ್ ನಗರದ ಒಂದು ಮನೆಯ ತೋಟದಲ್ಲಿ. ಮೂರು ವರ್ಷದ ಮೇಲೆ ಆಂಟ್‌ವರ್ಪ್ ನಗರದ ವರ್ತಕನೊಬ್ಬನಿಗೆ ಕಾನ್‌ಸ್ಟಾಂಟಿನೋಪಲಿನಿಂದ ಬಂದ ಬಟ್ಟೆಯ ಸರಕಿನೊಡನೆ ಕೆಲವು ಗೆಡ್ಡೆಗಳೂ ಬಂದುವು. ಅವನು ಅವುಗಳನ್ನು ಈರುಳ್ಳಿಯೆಂದು ತಿಳಿದು, ಕೆಂಡದಲ್ಲಿ ಸುಟ್ಟು, ಎಣ್ಣೆ ಹುಳಿ ಬೆರೆಸಿ ತಿಂದುಬಿಟ್ಟನು. ಉಳಿದವನ್ನು ಕೋಸಿನ ಮಡಿಗಳ ನಡುವೆ ಹೂಳಿಸಿದನು. ಅಲ್ಲಿ ಅವು ಕೇಳುವವರಿಲ್ಲದೆ ಸಾಯುತ್ತಿದ್ದಾಗ, ಮೆಹೆಲೆನ್ ಊರಿನ ಯೋರಿಸ್ ರೇ ಎಂಬ ಇನ್ನೊಬ್ಬ ವರ್ತಕನು ಗುರುತಿಸಿ ಕಾಪಾಡಿದನು. ಈ ವೃತ್ತಾಂತವು ನಮಗೆ ತಿಳಿದಿರುವುದು ಕ್ಲೂಸಿಯಸ್ ಅದನ್ನು ತನ್ನ ಗ್ರಂಥದಲ್ಲಿ ಬರೆದಿಟ್ಟದ್ದರಿಂದ. ಈ ರೇ ಅವನ ಮಿತ್ರರಲ್ಲೊಬ್ಬನು.

1573ರಲ್ಲಿ ಚಕ್ರವರ್ತಿ ಎರಡನೆಯ ಮಾಕ್ಸಿಮಿಲಿಯನ್ ತನ್ನ ಉದ್ಯಾನವನ್ನು ನೋಡಿಕೊಳ್ಳಲು ಕ್ಲೂಸಿಯಸ್‌ನನ್ನು ವಿಯೆನ್ನಾ ನಗರಕ್ಕೆ ಕರೆಸಿಕೊಂಡನು. ಈ ಸ್ಥಳ ಅವನಿಗೆ ಹೇಳಿ ಮಾಡಿಸಿದಂತಿತ್ತು. ತುರ್ಕಿಗೂ ಯೂರೋಪಿಗೂ ನಡುವೆ ರಾಯಭಾರಿಗಳು ಹಾದುಹೋಗುವ ಊರು ಅದು. ಸುಲೇಮಾನ್ ಸುಲ್ತಾನನ ಆಸ್ಥಾನದಲ್ಲಿ ಹಿಂದೆ ರಾಯಭಾರಿಯಾಗಿದ್ದ ಬುಸ್ಬೆಕ್ ಎಂಬ ಮಹಾಶಯನಿಗೂ ಗಿಡಗಳ ಮೇಲೆ ಬಹಳ ಆಸೆ. ಅವನ ಮೂಲಕ ಟ್ಯೂಲಿಪ್ಪಿನ ಬೀಜ ಮತ್ತು ಗೆಡ್ಡೆಗಳು ಕ್ಲೂಸಿಯಸ್‌ಗೆ ದೊರೆತುವು. ಹಯಸಿಂತ್, ನಾರ್ಸಿಸಸ್, ಐರಿಸ್ ಮುಂತಾದವೂ ಪೂರ್ವದೇಶಗಳಿಂದ ಬಂದು ಸೇರಿದುವು. ಕ್ಲೂಸಿಯಸ್ ವಿಯೆನ್ನಾದಲ್ಲಿ ಐಕ್‌ಹೋಲ್ಟ್ಸ್ ಎಂಬ ವೈದ್ಯನ ಮನೆಯಲ್ಲಿ ಬಿಡಾರ ಮಾಡಿಕೊಂಡಿದ್ದನು. ಆ ಮನೆಯ ತೋಟವೂ ಅವನ ಪ್ರಯೋಗಶಾಲೆಯಾಯಿತು. ಅರಮನೆಯ ಉದ್ಯಾನಕ್ಕಿಂತ ಇಂಥ ಮನೆಯಂಗಳದ ಮಡಿಗಳೇ ಅವನ ಕೀರ್ತಿಗೆ ಹೆಚ್ಚು ಕಾರಣವೆಂದು ನಾನು ತಿಳಿಯುತ್ತೇನೆ.

ಗೆಡ್ಡೆಯ ಸ್ವಭಾವವನ್ನು ಇಲ್ಲಿ ಸ್ವಲ್ಪ ವಿವರಿಸದಿದ್ದರೆ ಅವನು ಮಾಡಿದ ಕೆಲಸದ ಸ್ವಾರಸ್ಯ ತಿಳಿಯದು. ಈರುಳ್ಳಿಯನ್ನು ಅಡ್ಡಲಾಗಿ ಕೊಯ್ದರೆ ಒಂದರೊಳಗೊಂದು ಪದರಗಳು ಕಾಣುತ್ತವೆಯಷ್ಟೆ? ಟ್ಯೂಲಿಪ್ಪಿನ ಗೆಡ್ಡೆಯ ರಚನೆಯೂ ಅದೇ. ಆ ಪದರಗಳು ಎಲೆಗಳ ರೂಪಾಂತರವೇ ಹೊರತು ಬೇರಲ್ಲ. ಅವುಗಳಲ್ಲಿ ಮುಂದಿನ ವರ್ಷದ ಆಹಾರ ಕೂಡಿಟ್ಟಿರುತ್ತದೆ. ನಡುವೆ ಮುಂದಿನ ವರ್ಷದ ಹೂವು ಕಿರಿದಾದ ಮೊಗ್ಗಾಗಿ ಮಲಗಿರುತ್ತದೆ. ಚಳಿಗಾಲಕ್ಕೆ ಮುಂಚೆ, ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ, ನೀರು ನಿಲ್ಲದ ಮರಳುಮಣ್ಣಿನಲ್ಲಿ, ಗೆಡ್ಡೆಯ ಎತ್ತರದ ಎರಡು ಮೂರರಷ್ಟು ಆಳಕ್ಕೆ, ತುದಿ ಮೇಲಾಗುವಂತೆ ಅದನ್ನು ಊರಬೇಕು. ಕೆಲವು ವಾರಗಳ ಕಾಲ ಕೊರೆಯುವ ಚಳಿ ತಾಕಿದ ಹೊರತು ಹೂಕಾಂಡ ಸರಿಯಾಗಿ ಮೇಲಕ್ಕೇಳುವುದಿಲ್ಲ. ನಮ್ಮ ಬಯಲುಸೀಮೆಯಲ್ಲಿ ಟ್ಯೂಲಿಪ್ ತಾನಾಗಿ ನೆಲೆಯೂರದಿರುವುದಕ್ಕೂ, ಕಾಶ್ಮೀರದ ಶ್ರೀನಗರದ ಉದ್ಯಾನದಲ್ಲಿ ಅದು ಮೆರೆಯುವುದಕ್ಕೂ ಇದೇ ಕಾರಣ. ಹೂವು ಬಾಡಿದೊಡನೆ ಅದನ್ನು ಕಿತ್ತುಹಾಕಬೇಕು. ಆದರೆ ಎಲೆಗಳು ತಾವಾಗಿ ಹಳದಿಯಾಗುವವರೆಗೆ ಅವುಗಳನ್ನು ಮುಟ್ಟಬಾರದು. ಏಕೆಂದರೆ ಆ ವರ್ಷದ ಹೂವಿಗಾಗಿ ಹಳೆಯ ಗೆಡ್ಡೆ ತನ್ನನ್ನು ಪೂರ್ತಿಯಾಗಿ ಸವೆಸಿಕೊಂಡಿರುತ್ತದೆ. ಅದರ ಸ್ಥಾನದಲ್ಲಿ ಹೊಸ ಗೆಡ್ಡೆಯೂ ಪಕ್ಕದಲ್ಲಿ ಕೆಲವು ಮರಿಗೆಡ್ಡೆಗಳೂ ಬಲಿಯಬೇಕಾಗಿರುವುದು ಆ ಎಲೆಗಳ ದುಡಿಮೆಯಿಂದಲೇ. ಎಲೆ ಒಣಗಿದ ಮೇಲೆ ಅಗೆದು ತೆಗೆದು, ನೆರಳಿನಲ್ಲಿ ಆರಿಸಿ, ಗಾಳಿಯಾಡುವೆಡೆಯಲ್ಲಿ ಇಟ್ಟರೆ ಮುಂದಿನ ಬಿತ್ತನೆಯ ಕಾಲದವರೆಗೂ ನಿದ್ರಿಸುತ್ತಿರುತ್ತದೆ.

ಈ ನಿದ್ರೆಯೇ ಹೂಗೆಡ್ಡೆಗಳ ಭಾಗ್ಯ. ಬೇರುಸಹಿತ ಕಿತ್ತ ಗಿಡವನ್ನು ಆ ಕಾಲದ ದಾರಿಗಳಲ್ಲಿ ವಾರಗಟ್ಟಲೆ ಸಾಗಿಸಲಾಗದು. ದಾರಿಯಲ್ಲಿಯೇ ಬಾಡಿ ಸಾಯುತ್ತದೆ. ನಿದ್ರಿಸುವ ಗೆಡ್ಡೆಯಾದರೋ, ಕಾಗದದಲ್ಲಿ ಸುತ್ತಿ ಓಲೆಯೊಡನೆ ಕಳುಹಿಸಿದರೆ ತಿಂಗಳುಗಳ ಮೇಲೆ ಯಾವುದೋ ದೂರದೇಶದ ಮಣ್ಣಿನಲ್ಲಿ ಎಚ್ಚರಗೊಳ್ಳುತ್ತದೆ. ಕ್ಲೂಸಿಯಸ್ ಇದನ್ನು ಚೆನ್ನಾಗಿ ಬಳಸಿಕೊಂಡನು. ಯೂರೋಪಿನಾದ್ಯಂತ ಸುಮಾರು ಮುನ್ನೂರು ಮಂದಿಯೊಡನೆ ಅವನ ಪತ್ರವ್ಯವಹಾರವಿತ್ತು. ಅವನಿಗೆ ಬಂದ ಕಾಗದಗಳಲ್ಲಿ ಸಾವಿರಕ್ಕೂ ಹೆಚ್ಚು ಇಂದಿಗೂ ಲೈಡೆನ್ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದಲ್ಲಿವೆ. ಬರೆದವರಲ್ಲಿ ರಾಜಕುಮಾರಿಯರಿದ್ದರು, ವೈದ್ಯರಿದ್ದರು, ಔಷಧ ಮಾರುವವರಿದ್ದರು. ಜಸ್ಟಸ್ ಲಿಪ್ಸಿಯಸ್‌ನಂಥ ಮಹಾಪಂಡಿತನೂ ಅವನಿಂದ ಟ್ಯೂಲಿಪ್ ಗೆಡ್ಡೆಗಳನ್ನು ಪಡೆದು ಸಂತೋಷಪಟ್ಟವನೇ. ಇಟಲಿಯ ಫ್ಲಾರೆನ್ಸ್ ನಗರದ ಮಾತ್ತೇವೊ ಕಚ್ಚೀನಿ ಎಂಬ ತೋಟಪ್ರೇಮಿಯೊಡನೆ ಈ ವಿನಿಮಯವು ಕ್ಲೂಸಿಯಸ್‌ನ ಕೊನೆಯ ವರ್ಷಗಳವರೆಗೂ ನಡೆಯಿತು. ಇಲ್ಲಿ ಹಣದ ಮಾತಿರಲಿಲ್ಲ. ನೀನೊಂದು ಕೊಟ್ಟರೆ ನಾನೊಂದು ಕೊಡುವೆನೆಂಬ ಸ್ನೇಹದ ಲೆಕ್ಕ ಮಾತ್ರವಿತ್ತು.

ಕೊಡುವುದರೊಡನೆ ನೋಡುವುದೂ ನಡೆದಿತ್ತು. ಕ್ಲೂಸಿಯಸ್ ಟ್ಯೂಲಿಪ್ಪುಗಳನ್ನು ಬೇಗ ಅರಳುವುವು, ತಡವಾಗಿ ಅರಳುವುವು, ನಡುಗಾಲದಲ್ಲಿ ಅರಳುವುವು ಎಂದು ವಿಂಗಡಿಸಿದನು. ಅರಳುವ ಕಾಲವನ್ನು ನೋಡಿ ಟ್ಯೂಲಿಪ್ಪನ್ನು ವಿಂಗಡಿಸುವ ಕ್ರಮ ತೋಟಗಾರರಲ್ಲಿ ಇಂದಿಗೂ ಉಳಿದಿದೆ. ಮರಿಗೆಡ್ಡೆಯಿಂದ ಬೆಳೆಸಿದ ಗಿಡ ತಾಯಿಯಂತೆಯೇ ಹೂ ಬಿಡುತ್ತದೆ; ಬೀಜದಿಂದ ಬೆಳೆಸಿದರೆ ಎಂಥ ಬಣ್ಣ ಬಂದೀತೆಂದು ಹೇಳಲಾಗದು, ಮೇಲಾಗಿ ಮೊದಲ ಹೂವಿಗೆ ಐದರಿಂದ ಏಳು ವರ್ಷ ಕಾಯಬೇಕು. ನಡುವಯಸ್ಸು ದಾಟಿದ ಮೇಲೆಯೂ ಅವನು ಬೀಜ ಬಿತ್ತಿ ಕಾದನು. ಹೂವಿನ ಬಗ್ಗೆ ಇಷ್ಟು ಭಕ್ತಿಯಿದ್ದರೂ ಅವನಲ್ಲಿ ಕುತೂಹಲವೇ ಒಂದು ಕೈ ಮೇಲಾಗಿತ್ತೆನ್ನಬೇಕು. ಫ್ರಾಂಕ್‌ಫರ್ಟ್ ನಗರದ ಔಷಧ ವ್ಯಾಪಾರಿಯೊಬ್ಬನಿಂದ ಟ್ಯೂಲಿಪ್ ಗೆಡ್ಡೆಗಳನ್ನು ಸಕ್ಕರೆ ಪಾಕದಲ್ಲಿ ಹಾಕಿಸಿ ರುಚಿ ನೋಡಿದ್ದೂ ಉಂಟು.

ಇನ್ನೊಂದು ಸೂಕ್ಷ್ಮವನ್ನೂ ಅವನು ಗಮನಿಸಿದನು. ಒಂದೇ ಬಣ್ಣದ ಹೂ ಬಿಡುತ್ತಿದ್ದ ಗೆಡ್ಡೆ ಕೆಲವೊಮ್ಮೆ ಇದ್ದಕ್ಕಿದ್ದಂತೆ ಬಿಳಿಯ ಮೇಲೆ ಕೆಂಪು ಜ್ವಾಲೆಯಂಥ ಗೆರೆಗಳುಳ್ಳ ಹೂವನ್ನು ಬಿಡುತ್ತಿತ್ತು. ನೋಡಿದವರು ಬೆರಗಾಗುತ್ತಿದ್ದರು. ಆದರೆ ಹಾಗೆ ಬಣ್ಣ ಒಡೆದ ಗೆಡ್ಡೆ ವರ್ಷವರ್ಷಕ್ಕೂ ಕೃಶವಾಗುತ್ತ ಕೊನೆಗೆ ಸಾಯುವುದನ್ನು ಕ್ಲೂಸಿಯಸ್ ಕಂಡು ಬರೆದಿಟ್ಟನು. ಆ ಸೊಬಗು ಗೆಡ್ಡೆಯ ರೋಗದ ಲಕ್ಷಣವಾಗಿತ್ತು. ಅದಕ್ಕೆ ಕಾರಣ ತಿಳಿಯಲು ಮುನ್ನೂರು ವರ್ಷಗಳೇ ಬೇಕಾದುವು. 1928ರಲ್ಲಿ ಇಂಗ್ಲೆಂಡಿನ ಡೊರೊಥಿ ಕೇಲಿ ಎಂಬ ವಿಜ್ಞಾನಿಯು, ಬಣ್ಣ ಒಡೆದ ಗೆಡ್ಡೆಯ ತುಣುಕನ್ನು ಒಳ್ಳೆಯ ಗೆಡ್ಡೆಗೆ ಕಸಿಮಾಡಿದರೆ ಅದಕ್ಕೂ ಈ ಗುಣ ಹತ್ತುವುದೆಂದು ಪ್ರಯೋಗಪೂರ್ವಕವಾಗಿ ತೋರಿಸಿದಳು. ಅದು ವೈರಸ್ ರೋಗವೆಂದೂ ಸಸ್ಯಹೇನುಗಳು ಅದನ್ನು ಹರಡುವುವೆಂದೂ ಕ್ರಮೇಣ ಸಿದ್ಧವಾಯಿತು.

ಚಕ್ರವರ್ತಿ ಮಾಕ್ಸಿಮಿಲಿಯನ್ 1576ರಲ್ಲಿ ಕಾಲವಾದನು. ಅವನ ಮಗ ಎರಡನೆಯ ರುಡಾಲ್ಫನ ಆಳ್ವಿಕೆಯಲ್ಲಿ, 1577ರಲ್ಲಿ, ಕ್ಲೂಸಿಯಸ್‌ನ ಉದ್ಯೋಗ ಹೋಯಿತು. ಪ್ರಾಟೆಸ್ಟೆಂಟ್ ಮತದವನಾದ ಅವನಿಗೆ ಅಲ್ಲಿ ಒಳ್ಳೆಯ ದಿನಗಳು ಮುಗಿದಿದ್ದುವು. ಆದರೂ ಹತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲಿಯೇ ನಿಂತು, ಆಸ್ಟ್ರಿಯ ಹಂಗೆರಿಗಳ ಬೆಟ್ಟಗಳನ್ನು ಹತ್ತಿಳಿದು, ಅಲ್ಲಿನ ಸಸ್ಯಗಳನ್ನು ಕುರಿತ ಗ್ರಂಥವನ್ನು 1583ರಲ್ಲಿ ಪ್ರಕಟಿಸಿದನು. 1588ರಲ್ಲಿ ಬೆಲ್ಜಿಯಂ ಕಡೆಯ ಮಿತ್ರನೊಬ್ಬನು ಎರಡು ಗೆಡ್ಡೆಗಳನ್ನು ಅವನಿಗೆ ಕಳುಹಿಸಿಕೊಟ್ಟನು. ಅವು ಹೂವಿನವಲ್ಲ, ಅಮೆರಿಕದಿಂದ ಹೊಸದಾಗಿ ಬಂದಿದ್ದ ಆಲೂಗೆಡ್ಡೆಗಳು. ಕ್ಲೂಸಿಯಸ್ ಅವನ್ನೂ ಬೆಳೆಸಿ ಮಿತ್ರರಿಗೆ ಹಂಚಿದನು. ಇಂದು ಜರ್ಮನಿಯ ಜನಕ್ಕೆ ನಿತ್ಯದ ಆಹಾರವಾಗಿರುವ ಆಲೂಗೆಡ್ಡೆಯನ್ನು ಅಲ್ಲಿ ಹರಡಿದವರಲ್ಲಿ ಇವನೂ ಒಬ್ಬನೆಂದು ಹೇಳಲಾಗುತ್ತದೆ. ಅದೇ ವರ್ಷ ಫ್ರಾಂಕ್‌ಫರ್ಟ್ ನಗರಕ್ಕೆ ಹೋಗಿ ಐದು ವರ್ಷ ಇದ್ದನು. ಸಾಲದುದಕ್ಕೆ ಮೈಗೂ ಕಷ್ಟ ಬಂದಿತು. ಬಿದ್ದು ಪೆಟ್ಟುಮಾಡಿಕೊಂಡು ಕಾಲು ಸ್ವಾಧೀನ ತಪ್ಪಿ, ಊರುಗೋಲಿನ ಆಸರೆಯಲ್ಲಿ ನಡೆಯುವ ಸ್ಥಿತಿ ಒದಗಿತು. ಮದುವೆಯಿಲ್ಲ, ಮಕ್ಕಳಿಲ್ಲ, ಸ್ಥಿರವಾದ ಮನೆಯಿಲ್ಲ. ವಯಸ್ಸು ಅರವತ್ತೇಳು.

ಆಗ ಲೈಡೆನ್ ವಿಶ್ವವಿದ್ಯಾನಿಲಯದಿಂದ ಕರೆ ಬಂದಿತು. ಸ್ಪೇನಿನ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಡಚ್ಚರು 1575ರಲ್ಲಿ ಸ್ಥಾಪಿಸಿದ ವಿದ್ಯಾಸಂಸ್ಥೆ ಅದು. ಅಲ್ಲೊಂದು ಸಸ್ಯೋದ್ಯಾನ ಬೇಕೆಂದು 1590ರಲ್ಲಿ ನಿಶ್ಚಯವಾಗಿದ್ದರೂ ಅದನ್ನು ನಿಲ್ಲಿಸುವವರು ಸಿಕ್ಕಿರಲಿಲ್ಲ. ಕ್ಲೂಸಿಯಸ್‌ನನ್ನು ಅಲ್ಲಿಗೆ ತರಲು ಅವನ ಹಳೆಯ ಪತ್ರಮಿತ್ರಳಾದ ಮರೀ ದ ಬ್ರಿಮ ಎಂಬ ರಾಜಕುಮಾರಿ ಬಹಳ ಶ್ರಮಪಟ್ಟಳು. ಅವಳೂ ಹೂಗಿಡಗಳ ಆರಾಧಕಳು. ಕ್ಲೂಸಿಯಸ್ ಕಳುಹಿಸಿದ ಗೆಡ್ಡೆಗಳನ್ನು ತನ್ನ ತೋಟದಲ್ಲಿ ಬೆಳೆಸಿದವಳು. ಅವನು ಹಿಂದೆ ಕೊಟ್ಟ ಗೆಡ್ಡೆ ಮುಪ್ಪಿನಲ್ಲಿ ಅವನಿಗೆ ನೆಲೆಯಾಗಿ ತಿರುಗಿ ಬಂದಿತೆಂದು ಹೇಳಿದರೆ ಅತಿಶಯೋಕ್ತಿಯಾಗದು. 1593ರ ಅಕ್ಟೋಬರ್ ತಿಂಗಳಲ್ಲಿ ಅವನು ಲೈಡೆನ್ ಸೇರಿದನು. ಪಾಠ ಹೇಳುವ ಹೊಣೆ ಅವನ ಮೇಲಿರಲಿಲ್ಲ. ಮಣ್ಣಿನಲ್ಲಿ ಬಗ್ಗಿ ದುಡಿಯಲು ಶಕ್ತಿಯಿರಲಿಲ್ಲವಾದ್ದರಿಂದ ಡೆಲ್ಫ್ಟ್ ನಗರದ ಔಷಧ ವ್ಯಾಪಾರಿ ಡರ್ಕ್ ಕ್ಲೌಟ್ ಎಂಬವನನ್ನು ಸಹಾಯಕ್ಕೆ ನೇಮಿಸಿದರು. ಯೋಜನೆ ಒಬ್ಬನದು, ಕೈಗೆಲಸ ಇನ್ನೊಬ್ಬನದು. 1594ರ ಶರತ್ಕಾಲದ ವೇಳೆಗೆ, ಸುಮಾರು 40 ಮೀಟರ್ ಉದ್ದ 35 ಮೀಟರ್ ಅಗಲದ ಆ ಸಣ್ಣ ಜಾಗದಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ಸಸ್ಯಗಳು ಮಡಿಮಡಿಯಾಗಿ ನಿಂತುವು. ಔಷಧಿಯ ಗಿಡಗಳಿಗಷ್ಟೇ ಮೀಸಲಾಗಿದ್ದ ವಿಶ್ವವಿದ್ಯಾನಿಲಯದ ತೋಟಗಳ ಸಂಪ್ರದಾಯ ಇಲ್ಲಿ ಮುರಿಯಿತು. ಹೂಗೆಡ್ಡೆಗಳೂ ಪಾಠದ ವಸ್ತುವಾದುವು.

ಈಗ ಕಳ್ಳತನದ ಸಂಗತಿ. ಅದು ಕಟ್ಟುಕಥೆಯಲ್ಲ. 1596ರಲ್ಲಿಯೂ 1598ರಲ್ಲಿಯೂ ಲೈಡೆನ್ನಿನಲ್ಲಿ ಅವನ ಸ್ವಂತ ತೋಟದಿಂದ ಗೆಡ್ಡೆಗಳು ಕಳುವಾದುವು; ಒಂದು ಸಲವಂತೂ ನೂರಕ್ಕೂ ಹೆಚ್ಚು ಗೆಡ್ಡೆಗಳು ಹೋದುವು. ಎಪ್ಪತ್ತು ದಾಟಿದ, ಕಾಲಿಲ್ಲದ ಮುದುಕನು ಎಷ್ಟೋ ವರ್ಷಗಳಿಂದ ಸಲಹಿಕೊಂಡು ಬಂದಿದ್ದ ಗೆಡ್ಡೆಗಳು ಅವು. ಅವನು ಮನನೊಂದು ತೋಟದ ಕೆಲಸವನ್ನೇ ಬಿಟ್ಟುಬಿಡುವ ಮಾತನ್ನಾಡಿದನೆಂದು ಚರಿತ್ರಕಾರರು ಬರೆಯುತ್ತಾರೆ. ಆದರೆ ಬೆಲೆಯ ದುರಾಸೆಯಿಂದ ಅವನೇ ಇದನ್ನು ತಂದುಕೊಂಡನೆಂಬ ಮಾತಿಗೆ ಅವನ ಪತ್ರಗಳಲ್ಲಿ ಆಧಾರ ಕಾಣುವುದಿಲ್ಲ. ಅಲ್ಲಿ ಕಾಣುವುದು ಇದಕ್ಕೆ ವಿರುದ್ಧವಾದ ಚಿತ್ರ. ಹೂವಿನ ವ್ಯಾಪಾರದಲ್ಲಿ ಲಾಭವುಂಟೆಂದು ತಿಳಿದು, ಗಿಡಗಳ ಮೇಲೆ ಪ್ರೀತಿಯಿಲ್ಲದವರೂ ಅದಕ್ಕೆ ಕೈಹಾಕುತ್ತಿದ್ದಾರೆಂದು ಅವನು ಕೊರಗಿದ್ದಾನೆ. ತನ್ನ ಗೆಡ್ಡೆಗಳು ಇಂಥವರ ಕೈಗೆ ಸಿಕ್ಕಿ ಸರಕಾಗುವುದು ಅವನಿಗೆ ಬೇಡವಾಗಿತ್ತು.

ನಿಷ್ಪಕ್ಷಪಾತವಾಗಿ ಹೇಳಬೇಕಾದರೆ, ಅವನ ಔದಾರ್ಯಕ್ಕೂ ಒಂದು ಎಲ್ಲೆಯಿತ್ತು. ಅವನು ಕೊಟ್ಟದ್ದು ತನಗೆ ಗೊತ್ತಿದ್ದವರಿಗೆ, ಗಿಡವನ್ನು ನೋಡಿಕೊಳ್ಳುವರೆಂಬ ನಂಬಿಕೆಯಿದ್ದವರಿಗೆ. ಅವರಲ್ಲಿ ಬಹುಮಂದಿ ವಿದ್ವಾಂಸರು, ಇಲ್ಲವೆ ಉಳ್ಳವರು. ಕೈಕಸಬಿನವರೂ ಸಣ್ಣ ವರ್ತಕರೂ ಹೂಗಿಡಗಳ ಕಡೆಗೆ ಬಂದದ್ದನ್ನು ಕಂಡು ಅವನು ಅಸಮಾಧಾನಪಟ್ಟದ್ದು ಆ ಕಾಲದ ಅಂತಸ್ತಿನ ಭಾವನೆಯನ್ನು ತೋರಿಸುತ್ತದೆ. ಅದನ್ನು ನಾನು ಮೆಚ್ಚಲಾರೆ. ಬಾಗಿಲಲ್ಲಿ ನಿಂತ ಅಪರಿಚಿತನಿಗೆ ಇಲ್ಲವೆನಿಸಿಕೊಂಡು ಹಿಂದಿರುಗಿದಾಗ ಅವನು ಜಿಪುಣನಾಗಿಯೇ ಕಂಡಿರಬಹುದು. ಆದರೆ ಅಪಾತ್ರನೆಂದು ತೋರಿದವನಿಗೆ ಕೊಡದಿರುವುದು ಬೇರೆ, ಹಣಕ್ಕಾಗಿ ಹಿಡಿದಿಟ್ಟುಕೊಳ್ಳುವುದು ಬೇರೆ. ಮೊದಲನೆಯದನ್ನು ಅವನ ಮೇಲೆ ಹೊರಿಸಬಹುದು, ಎರಡನೆಯದನ್ನು ಹೊರಿಸಲಾಗದು. ಹಾಲೆಂಡಿನ ಟ್ಯೂಲಿಪ್ಪುಗಳೆಲ್ಲ ಕದ್ದ ಗೆಡ್ಡೆಗಳ ಸಂತಾನವೆಂಬುದೂ ಸರಿಯಲ್ಲ. ಕಳ್ಳತನಕ್ಕೆ ಬಹಳ ಮುಂಚೆಯೇ ಅವನೂ ಅವನ ಮಿತ್ರರೂ ಕೈಯಿಂದ ಕೈಗೆ ಕೊಟ್ಟ ಗೆಡ್ಡೆಗಳು ಆ ಪ್ರಾಂತಗಳ ಹಲವು ತೋಟಗಳಲ್ಲಿ ಬೇರುಬಿಟ್ಟಿದ್ದುವು.

ಅವನು ತೋಟವನ್ನು ಬಿಡಲಿಲ್ಲ, ಬರೆಹವನ್ನೂ ಬಿಡಲಿಲ್ಲ. 1601ರಲ್ಲಿ, ಎಪ್ಪತ್ತೈದನೆಯ ವಯಸ್ಸಿನಲ್ಲಿ, ಅಪೂರ್ವ ಸಸ್ಯಗಳನ್ನು ಕುರಿತ ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಜೀವಮಾನವೆಲ್ಲ ಕಂಡ ಗಿಡಗಳ ವಿವರವೂ ಚಿತ್ರಗಳೂ ಅದರಲ್ಲಿವೆ. ಟ್ಯೂಲಿಪ್ಪಿನ ವಿಚಾರವನ್ನು ವಿಸ್ತಾರವಾಗಿ ಹೇಳಿದ ಈ ಗ್ರಂಥದಲ್ಲಿ ನಮಗೆಲ್ಲ ಪರಿಚಿತವಾದ ಒಂದು ಹೂವೂ ಇದೆ. ಸ್ಪೇನಿನ ಸೆವಿಲ್ ನಗರದ ಸಿಮೋನ್ ದ ತೊವಾರ್ ಎಂಬ ವೈದ್ಯನ ತೋಟದಿಂದ ಬಂದ ಆ ಗಿಡಕ್ಕೆ ಕ್ಲೂಸಿಯಸ್ ಗೆಡ್ಡೆಬೇರಿನ ಇಂಡಿಯಾ ಹಯಸಿಂತ್ ಎಂಬರ್ಥದ ಹೆಸರನ್ನು ಕೊಟ್ಟನು. ಇಲ್ಲಿ ಇಂಡಿಯಾ ಎಂದರೆ ನಮ್ಮ ದೇಶವಲ್ಲ, ಅಮೆರಿಕ. ಆ ಗಿಡದ ತವರು ಮೆಕ್ಸಿಕೊ. ಮುಂದೆ ಅದು ನಮ್ಮ ದೇಶಕ್ಕೂ ಬಂದು, ಸುಗಂಧರಾಜವೆಂಬ ಹೆಸರು ಪಡೆದು, ಮದುವೆಯ ಹಾರಗಳಲ್ಲಿ ಸೇರಿಹೋಯಿತು.

ನಮ್ಮ ಮನೆಯ ಹಿತ್ತಿಲಿನಲ್ಲಿಯೂ ಸುಗಂಧರಾಜದ ಒಂದು ಮಡಿಯಿದೆ. ಚೆನ್ನಾಗಿ ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ಗೆಡ್ಡೆಗಳನ್ನು ಗೇಣುದ್ದ ಅಂತರದಲ್ಲಿ ನೆಟ್ಟು, ಹಳೆಯ ಗೊಬ್ಬರ ಹಾಕಿದರೆ ಅದು ಬೇರೆ ಉಪಚಾರವನ್ನು ಹೆಚ್ಚಾಗಿ ಬಯಸುವುದಿಲ್ಲ. ಆದರೆ ಎರಡು ಮೂರು ವರ್ಷಕ್ಕೊಮ್ಮೆ ಅಗೆದು ಮರಿಗೆಡ್ಡೆಗಳನ್ನು ಬಿಡಿಸದಿದ್ದರೆ ಒಂದರ ಮೇಲೊಂದು ಒತ್ತಿಕೊಂಡು ಹೂಗೊಂಚಲು ಸಣ್ಣದಾಗುತ್ತ ಬರುತ್ತದೆ. ಹೀಗೆ ಬಿಡಿಸಿದ ಮರಿಗಳಿಗೆ ನಮ್ಮ ಮಡಿಯಲ್ಲಿ ಸ್ಥಳವಿಲ್ಲದಿರುವುದರಿಂದ ನಮ್ಮ ತಾಯಿಯವರು ಅಕ್ಕಪಕ್ಕದ ಮನೆಗಳಿಗೆ ಕೊಟ್ಟುಬಿಡುತ್ತಾರೆ. ಹಂಚಿದರೆ ಮಾತ್ರ ಉಳಿದವು ಚೆನ್ನಾಗಿ ಹೂ ಬಿಡುವುದು ಗೆಡ್ಡೆಗಳ ಒಂದು ಧರ್ಮ. ಸರ್ವಜ್ಞನ ತ್ರಿಪದಿಗಳನ್ನು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದ ನಮಗೆ ಇದೇನೂ ಹೊಸ ನೀತಿಯಲ್ಲ. ಕ್ಲೂಸಿಯಸ್ ಇದನ್ನು ಪುಸ್ತಕದಿಂದ ಕಲಿಯದೆ ಮಣ್ಣಿನಿಂದಲೇ ಕಲಿತಿರಬೇಕು.

1609ರ ಏಪ್ರಿಲ್ 4ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ, ಟ್ಯೂಲಿಪ್ಪುಗಳು ಅರಳತೊಡಗುವ ಕಾಲದಲ್ಲಿ, ಕ್ಲೂಸಿಯಸ್ ಲೈಡೆನ್ನಿನಲ್ಲಿ ತೀರಿಕೊಂಡನು. ಅವನ ತಾಯ್ನಾಡನ್ನು ನಲವತ್ತು ವರ್ಷ ಸುಟ್ಟ ಯುದ್ಧಕ್ಕೆ ಹನ್ನೆರಡು ವರ್ಷಗಳ ವಿರಾಮ ಕೊಟ್ಟ ಒಪ್ಪಂದಕ್ಕೆ ಆಂಟ್‌ವರ್ಪ್ ನಗರದಲ್ಲಿ ಸಹಿ ಬಿದ್ದದ್ದು ಅದಾದ ಐದು ದಿನಕ್ಕೆ, ಏಪ್ರಿಲ್ 9ರಂದು. ಆ ಶಾಂತಿಯನ್ನು ಅವನು ಕಾಣಲಿಲ್ಲ. ಮುಂದೆ ಅವನ ಹೂವಿಗೆ ಬಂದ ಗತಿಯನ್ನೂ ಕಾಣಲಿಲ್ಲ. ದೇಶದಲ್ಲಿ ಹಣ ಹೆಚ್ಚಿದಂತೆ ಟ್ಯೂಲಿಪ್ ಗೆಡ್ಡೆಗಳ ಬೆಲೆಯೂ ಏರುತ್ತ ಹೋಗಿ, 1636ರ ಚಳಿಗಾಲದಲ್ಲಿ, ನೆಲದೊಳಗೆ ಹೂತಿರುವ, ಯಾರೂ ಕಣ್ಣಾರೆ ನೋಡದ ಗೆಡ್ಡೆಗಳನ್ನು ಬರಿಯ ಚೀಟಿಗಳ ಮೇಲೆ ಕೊಂಡು ಮಾರತೊಡಗಿದರು. ಎಲ್ಲಕ್ಕಿಂತ ಹೆಚ್ಚಿನ ಬೆಲೆ ಬಂದದ್ದು ಬಣ್ಣ ಒಡೆದ ಹೂಗಳಿಗೆ, ಅಂದರೆ ರೋಗ ಹತ್ತಿದ ಗೆಡ್ಡೆಗಳಿಗೆ. ಅವು ಬಾಳುವುದಿಲ್ಲವೆಂದು ಕ್ಲೂಸಿಯಸ್ ಬರೆದಿಟ್ಟು ಮೂರು ದಶಕಗಳಾಗಿದ್ದುವು. 1637ರ ಫೆಬ್ರವರಿ ಮೊದಲ ವಾರದಲ್ಲಿ ಹಾರ್ಲೆಮ್ ನಗರದ ಹರಾಜಿನಲ್ಲಿ ಕೊಳ್ಳುವವರೇ ಇಲ್ಲದೆ ಬೆಲೆಗಳು ಕುಸಿದುವು; ವರ್ತಕರಲ್ಲಿ ಪರಸ್ಪರ ವಿಶ್ವಾಸ ಮುರಿದು ವ್ಯಾಜ್ಯಗಳು ಹುಟ್ಟಿಕೊಂಡುವು. ಒಂದು ಕಡೆ ನಂಬಿಕೆಯಿಂದ ಕೊಟ್ಟು ಪಡೆದ ಗೆಡ್ಡೆಗಳು ಒಂದು ಖಂಡದ ಉದ್ದಕ್ಕೂ ಗೆಳೆತನವನ್ನು ಬೆಳೆಸಿದುವು. ಇನ್ನೊಂದು ಕಡೆ ಅವೇ ಗೆಡ್ಡೆಗಳು ನೆರೆಹೊರೆಯವರನ್ನು ನ್ಯಾಯಸ್ಥಾನದ ಮೆಟ್ಟಲು ಹತ್ತಿಸಿದುವು. ಗೆಡ್ಡೆಯಲ್ಲಿ ವ್ಯತ್ಯಾಸವಿರಲಿಲ್ಲ, ಹಿಡಿದ ಕೈಗಳಲ್ಲಿತ್ತು.

ಸಸ್ಯಶಾಸ್ತ್ರಜ್ಞರು ಕ್ಲೂಸಿಯಸ್‌ನನ್ನು ಮರೆತಿಲ್ಲ. ಕಾಶ್ಮೀರದ ಕಡೆಯ ಬೆಟ್ಟಗಳಲ್ಲಿಯೂ ಬೆಳೆಯುವ, ಬಿಳಿ ಎಸಳಿನ ಹೊರಮೈಯಲ್ಲಿ ಕೆಂಪು ಪಟ್ಟೆಯುಳ್ಳ ಒಂದು ಕಾಡು ಟ್ಯೂಲಿಪ್ಪಿಗೆ ಟ್ಯೂಲಿಪ ಕ್ಲೂಸಿಯಾನ ಎಂದು ಅವನ ಹೆಸರನ್ನೇ ಇಟ್ಟಿದ್ದಾರೆ. ಅವನ ತೋಟದ ಹಳೆಯ ಪಟ್ಟಿಯ ಆಧಾರದ ಮೇಲೆ ಲೈಡೆನ್ನಿನ ಸಸ್ಯೋದ್ಯಾನದಲ್ಲಿ ಆ ಮಡಿಗಳನ್ನು ಮತ್ತೆ ಹಾಕಿ ಬೆಳೆಸಿದ್ದಾರೆ. ವಸಂತದಲ್ಲಿ ಹೋದವರು ಅವನು ಕಂಡಂಥ ಹೂಗಳನ್ನು ಇಂದಿಗೂ ಕಾಣಬಹುದು. ಆದರೆ ಇವೆಲ್ಲಕ್ಕಿಂತ ದೊಡ್ಡ ಸ್ಮಾರಕವೆಂದು ನಾನು ಭಾವಿಸುವುದು ಅವನಿಗೆ ಬಂದ ಆ ಸಾವಿರಕ್ಕೂ ಮಿಕ್ಕಿದ ಕಾಗದಗಳನ್ನು. ಜಿಪುಣನಿಗೆ ಯಾರೂ ಅಷ್ಟು ಕಾಗದ ಬರೆಯುವುದಿಲ್ಲ.

ನಮ್ಮ ಸಹಪಾಠಿಗಳಲ್ಲಿ ಹಲವರ ಮನೆಗಳಲ್ಲಿ ಹೂಗೆಡ್ಡೆಗಳು ಇರಬಹುದ. ಕೆಲವರಲ್ಲಿ ಅಪರೂಪದ ಬಣ್ಣಗಳೂ ಇರಬಹುದು. ಮುಂದಿನ ಸಲ ಮಡಿಯನ್ನು ಅಗೆದಾಗ ಒಂದೆರಡು ಮರಿಗೆಡ್ಡೆಗಳನ್ನು ಕಾಗದದಲ್ಲಿ ಸುತ್ತಿ, ಬಣ್ಣವನ್ನೂ ಹೂ ಬಿಡುವ ತಿಂಗಳನ್ನೂ ಮೇಲೆ ಬರೆದು, ಬೇಕೆಂದವರ ಕೈಗೆ ಕೊಡೋಣ. ಅಪರಿಚಿತನಾದರೂ ಕೊಡೋಣ. ಕ್ಲೂಸಿಯಸ್ ಹಾಕಿಕೊಂಡಿದ್ದ ಎಲ್ಲೆಯನ್ನು ನಾವು ಅಷ್ಟರಮಟ್ಟಿಗೆ ದಾಟಿದರೆ ಅವನ ಸ್ಮರಣೆಗೆ ಯಾವ ಕುಂದೂ ಬಾರದು.